ಯಾರ ಸೇರಿನಲ್ಲಿ ಅಳೆಯುವುದು?

ಹತ್ತನೆಯ ತರಗತಿ ಮತ್ತು ಪಿಯುಸಿ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ನಮ್ಮ ಮಠಗಳಲ್ಲಿ, ಸಮಾಜದ ಕಲ್ಯಾಣ ಮಂಟಪಗಳಲ್ಲಿ ಪ್ರತಿಭಾ ಪುರಸ್ಕಾರಗಳು ಶುರುವಾಗುತ್ತವೆ. ಬಳ್ಳಾರಿ ನಗರದಲ್ಲಿ ದೊಡ್ಡದಾಗಿ, ಸಿರುಗುಪ್ಪ, ಕುರುಗೋಡಿನಲ್ಲಿ ತಕ್ಕಮಟ್ಟಿಗೆ. ಹೆಚ್ಚು ಅಂಕ ಪಡೆದ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರೆ. ಶಾಲು, ಹಾರ, ಒಂದು ವಚನ ಸಂಪುಟ, ಪೂಜ್ಯರ ಆಶೀರ್ವಾದ, ಫೋಟೊ. ಆಮೇಲೆ ಗಣ್ಯರೊಬ್ಬರು ಎದ್ದು, ನೀವೆಲ್ಲ ಡಾಕ್ಟರು, ಇಂಜಿನಿಯರು, ಐಎಎಸ್ ಅಧಿಕಾರಿಗಳಾಗಿ ಸಮಾಜಕ್ಕೆ ಹೆಸರು ತರಬೇಕು ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಪ್ರಸಾದ ಆಗುತ್ತದೆ.

ಓದುವ ಮಕ್ಕಳನ್ನು ಹರಸುವುದರಲ್ಲಿ ತಪ್ಪೇನೂ ಇಲ್ಲ. ನನ್ನ ತಕರಾರು ಇರುವುದು ವೇದಿಕೆಯ ಹಿಂದಿನ ಬ್ಯಾನರಿನ ಬಗ್ಗೆ. ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿದ ಆಯ್ದಕ್ಕಿ ಮಾರಯ್ಯನವರ ಮಾತು ಅಲ್ಲಿ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಆ ಮಾತಿನ ಕೆಳಗೆ ನಿಂತು ನಾವು ಎರಡು ಮೂರು ಕಾಯಕಗಳಿಗೆ ಮಾತ್ರ ಶಾಲು ಹೊದಿಸುತ್ತೇವೆ. ಅದೇ ಸಭಾಂಗಣದ ಕೊನೆಯ ಸಾಲಿನಲ್ಲಿ ತಂಗಿಯ ಸನ್ಮಾನ ನೋಡಲು ಬಂದ ಅಣ್ಣನೊಬ್ಬ ಕೂತಿರುತ್ತಾನೆ. ಅಪ್ಪನ ಜೊತೆ ನಾಟಿ ಮಾಡಿಸಿ, ಪಂಪ್‌ಸೆಟ್ಟು ರಿಪೇರಿ ಮಾಡಿ, ಆ ತಂಗಿಯ ಫೀಸು ಕಟ್ಟಿದವನು ಅವನೇ. ಅವನನ್ನು ಯಾರೂ ಕರೆಯುವುದಿಲ್ಲ. ಕರೆಯದಿರುವುದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಸೋತವರ ಪಟ್ಟಿಯಲ್ಲಿ ತನ್ನ ಹೆಸರಿದೆ ಎಂದು ಅವನೇ ನಂಬಿಬಿಟ್ಟಿರುತ್ತಾನೆ.

ಮಾರಯ್ಯನವರ ಮಾತು ನಮಗೆ ಬಾಯಿಪಾಠ. ಅವರ ಮಡದಿ ಲಕ್ಕಮ್ಮನವರು ಮಾಡಿದ ಕೆಲಸವನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಆ ಶರಣ ದಂಪತಿ ನಮಗೆ ದೂರದವರಲ್ಲ; ತುಂಗಭದ್ರೆ ದಾಟಿದರೆ ರಾಯಚೂರು ಸೀಮೆ, ಅಲ್ಲಿನ ಲಿಂಗಸುಗೂರಿನ ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದನ್ನು ಅಡಿಗೆ ಮಾಡಿ ಜಂಗಮರಿಗೆ ಬಡಿಸಿ, ಮಿಕ್ಕದ್ದನ್ನು ತಾವು ಉಣ್ಣುವುದು ಆ ಮನೆಯ ದಾಸೋಹ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ. ಇದು ನಮ್ಮ ಅಳತೆಯದ್ದಲ್ಲ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದರು.

ಸಿರುಗುಪ್ಪದ ಜನಕ್ಕೆ ಈ ಕಥೆಯ ತೂಕ ಬೇರೆಯವರಿಗಿಂತ ಬೇಗ ತಿಳಿಯಬೇಕು. ತುಂಗಭದ್ರೆಯ ಕಾಲುವೆ ನೀರಿನಲ್ಲಿ ಸೋನಾ ಮಸೂರಿ ಬೆಳೆಯುವ ಸೀಮೆ ಅದು, ರೈಸ್‌ಮಿಲ್ಲುಗಳ ಊರು. ಮಿಲ್ಲಿನ ಅಂಗಳದಲ್ಲಿ ಚೆಲ್ಲಿದ್ದನ್ನು ಗುಡಿಸಿ ಮೊರದಲ್ಲಿ ಕೇರಿ ಮನೆಗೆ ಒಯ್ಯುವ ಹೆಣ್ಣುಮಕ್ಕಳನ್ನು ಕಂಡವರಿಗೆ, ಆಯ್ದ ಅಕ್ಕಿ ಎಂದರೆ ಏನು ಎಂಬುದನ್ನು ವಿವರಿಸಬೇಕಾಗಿಲ್ಲ.

ಲಕ್ಕಮ್ಮನವರ ಈ ನಡೆಯನ್ನು ಪ್ರವಚನಗಳಲ್ಲಿ ಸಾಮಾನ್ಯವಾಗಿ 'ಇದ್ದುದರಲ್ಲಿ ತೃಪ್ತಿ' ಎಂದು ಹೇಳಿ ಮುಗಿಸುತ್ತಾರೆ. ನನಗೆ ಅದು ಅರೆಬರೆ ಅರ್ಥ ಅನಿಸುತ್ತದೆ. ಆ ತಾಯಿಗೆ ಆಸೆ ಕಡಿಮೆ ಇರಲಿಲ್ಲ. ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ಅದೇ ಅಕ್ಕಿಯಿಂದ ದಾಸೋಹ ಮಾಡಿದರೆಂಬ ಕಥೆಯೂ ಅವರ ಹೆಸರಿನಲ್ಲೇ ಇದೆ. ಅವರಿಗೆ ಮೊದಲು ಗೊತ್ತಿದ್ದದ್ದು ತಾವು ಯಾತಕ್ಕಾಗಿ ದುಡಿಯುತ್ತಿದ್ದೇವೆ ಎಂಬುದು. ಅದು ಗೊತ್ತಿದ್ದುದರಿಂದ ಎಷ್ಟು ಬೇಕು ಎಂಬುದೂ ಗೊತ್ತಿತ್ತು. ನಾವು ಇದನ್ನು ತಿರುಗಿಸಿಕೊಂಡಿದ್ದೇವೆ. ಎಷ್ಟು ಸಿಗುತ್ತದೆ ಎಂದು ಮೊದಲು ನೋಡುತ್ತೇವೆ, ಯಾತಕ್ಕೆ ಎಂಬುದನ್ನು ಅರವತ್ತು ದಾಟಿದ ಮೇಲೆ ಕೇಳಿಕೊಳ್ಳುತ್ತೇವೆ.

ಲಿಂಗಾಯತರಿಗೆ ಈ ವಿಷಯದಲ್ಲಿ ಯಾವ ನೆಪವೂ ಇಲ್ಲ. ಗುಡಿಯ ದೇವರನ್ನು ಬಿಟ್ಟು ಪ್ರತಿಯೊಬ್ಬರ ಅಂಗೈಗೂ ಒಂದೊಂದು ಇಷ್ಟಲಿಂಗ ಕೊಟ್ಟ ಧರ್ಮ ನಮ್ಮದು. ಗಂಡನದು ಹೆಂಡತಿಗೆ ಬರುವುದಿಲ್ಲ, ಅಪ್ಪನದು ಮಗನಿಗೆ ಬರುವುದಿಲ್ಲ. ಪಕ್ಕದವರ ಕರಸ್ಥಲವನ್ನು ಇಣುಕಿ ನೋಡಿ ಪೂಜೆ ಮಾಡುವವರನ್ನು ಯಾರಾದರೂ ಕಂಡಿದ್ದೀರಾ? ಬೆಳಿಗ್ಗೆ ಅಷ್ಟು ಸ್ವಂತವಾಗಿ ಕೂತು ಎದ್ದವರು, ಹೊಸ್ತಿಲು ದಾಟಿದ ಕೂಡಲೇ ಎದುರು ಮನೆಯವರ ಕಾರು, ಅವರ ಮಗನ ಪ್ಯಾಕೇಜು, ಅವರ ಗೃಹಪ್ರವೇಶದ ಶಾಮಿಯಾನ ನೋಡಿ ನಮ್ಮ ಬಾಳನ್ನು ಅಳೆಯುತ್ತೇವೆ. ಸ್ಥಾವರವನ್ನು ಗುಡಿಯಲ್ಲಿ ಬಿಟ್ಟೆವು, ನಿಜ. ಸೈಟು, ಬಿಲ್ಡಿಂಗು, ಹೆಸರಿನ ಕಲ್ಲುಫಲಕಗಳಾಗಿ ಅದು ಮನೆಗೆ ಬಂದು ಕೂತಿದೆ.

ಒಂದಿಡೀ ಜಿಲ್ಲೆ ಒಂದೇ ಅಳತೆಗೋಲು ಹಿಡಿದರೆ ಏನಾಗುತ್ತದೆ ಎಂಬುದನ್ನು ನೋಡಲು ಬಳ್ಳಾರಿಯವರು ಬೇರೆಲ್ಲಿಗೂ ಹೋಗಬೇಕಾಗಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಮುಂಚಿನ ವರ್ಷಗಳಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿಗೆ ಚಿನ್ನದಂಥ ಬೆಲೆ ಬಂತು. ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಹಗಲು ರಾತ್ರಿ ಲಾರಿ. ಗಿಡದ ಎಲೆ, ಒಣಹಾಕಿದ ಬಟ್ಟೆ, ಮಕ್ಕಳ ಎದೆ, ಎಲ್ಲದರ ಮೇಲೂ ಕೆಂಪು ಧೂಳು. ಆ ಕಾಲದಲ್ಲಿ ಮೇಷ್ಟರಾಗಿದ್ದವರು, ಅಂಗಡಿ ನಡೆಸುತ್ತಿದ್ದವರು, ಎರಡು ಬೆಳೆ ತೆಗೆಯುತ್ತಿದ್ದವರು ಎಲ್ಲರೂ ಒಮ್ಮೆಯಾದರೂ ತಾವು ದಡ್ಡರು ಎಂದುಕೊಂಡರು. ಹೊಲ ಅಡವಿಟ್ಟು ಲಾರಿ ಕೊಂಡವರು ಬುದ್ಧಿವಂತರೆನಿಸಿಕೊಂಡರು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಸಾಲದ ಲಾರಿಗಳು ಬಯಲಿನಲ್ಲಿ ಸಾಲಾಗಿ ನಿಂತವು. ಫೈನಾನ್ಸಿನವರು ಮನೆ ಬಾಗಿಲಿಗೆ ಬಂದರು. ಗಣಿ ಧಣಿಗಳ ಕಥೆ ದೇಶಕ್ಕೆಲ್ಲ ಗೊತ್ತು. ಅವರನ್ನು ನೋಡಿ ತಮ್ಮ ಬದುಕಿನ ಅಳತೆ ಬದಲಿಸಿಕೊಂಡ ಸಣ್ಣವರ ಕಥೆಯನ್ನು ಯಾರೂ ಬರೆದಿಡಲಿಲ್ಲ.

ಅದು ಮುಗಿದ ಅಧ್ಯಾಯ ಎನ್ನುವವರು ಕುರುಗೋಡಿನ ಕಡೆಯ ಮೆಣಸಿನಕಾಯಿ ಹೊಲಗಳನ್ನು ನೋಡಬೇಕು. ಹಿಂದಿನ ವರ್ಷ ಪಕ್ಕದವನಿಗೆ ಒಳ್ಳೆಯ ದರ ಸಿಕ್ಕಿತೆಂದು ಊರಿಗೆ ಊರೇ ಮೆಣಸಿನಕಾಯಿ ಹಚ್ಚುತ್ತದೆ. ಜೋಳ, ಕಡಲೆ ಹಾಕುತ್ತಿದ್ದ ಎರೆಹೊಲಕ್ಕೂ ಅದೇ. ಔಷಧಿ, ಗೊಬ್ಬರ, ಬಿಡಿಸುವ ಕೂಲಿ ಎಲ್ಲ ಸಾಲ. 2024ರ ಮಾರ್ಚಿನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದು, ರೈತರು ರೊಚ್ಚಿಗೆದ್ದು, ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ದರದ ಏರಿಳಿತಕ್ಕೆ ವ್ಯಾಪಾರಸ್ಥರು, ಸರ್ಕಾರದ ನೀತಿ ಎಲ್ಲವೂ ಕಾರಣ. ರೈತನೊಬ್ಬನ ತಲೆಗೆ ಅದನ್ನು ಕಟ್ಟುವುದು ಅನ್ಯಾಯ. ಆದರೂ ಬಿತ್ತುವ ಮುಂಚೆ ಆ ಹೊಲಕ್ಕೆ ಏನು ಒಗ್ಗುತ್ತದೆ, ಆ ಮನೆಗೆ ಎಷ್ಟು ಸಾಲ ತಡೆಯುತ್ತದೆ, ಮನೆಯಲ್ಲಿ ಊಟಕ್ಕೆ ಜೋಳ ಇರಬೇಕೋ ಬೇಡವೋ ಎಂದು ಕೇಳಿಕೊಳ್ಳುವ ಹಕ್ಕನ್ನು ಯಾವ ವ್ಯಾಪಾರಸ್ಥನೂ ಕಸಿದುಕೊಂಡಿರಲಿಲ್ಲ.

ಇನ್ನು ಮದುವೆಯ ಮಾತು. ಹಣ್ಣುಕಾಯಿ ಹಿಡಿದು ಹೆಣ್ಣು ನೋಡಲು ಹೋದವರಿಗೆ ಗೊತ್ತು.

"ಹುಡುಗ ಏನ್ ಮಾಡ್ತಾನ್ರಿ?"

"ಹೊಲಮನಿ ನೋಡ್ಕಂತಾನ್ರಿ."

ಅಲ್ಲಿಗೆ ಚಹಾ ತಣ್ಣಗಾಗುತ್ತದೆ. ಹತ್ತು ಎಕರೆ ನೀರಾವರಿ ಇದ್ದರೂ ಅಷ್ಟೆ. ಬೆಂಗಳೂರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದು ತಿಂಗಳ ಕೊನೆಗೆ ಅಪ್ಪನಿಂದಲೇ ದುಡ್ಡು ತರಿಸಿಕೊಳ್ಳುವ ಹುಡುಗನಿಗೆ ಇರುವ ಬೆಲೆ ಅವನಿಗಿಲ್ಲ. ಇದು ನಮ್ಮ ಸೀಮೆಯ ಕಥೆ ಮಾತ್ರ ಅಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು, ಅವರಲ್ಲಿ ಬಹಳಷ್ಟು ಜನ ರೈತರ ಮಕ್ಕಳು, ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಪತ್ರಿಕೆಗಳು ತಮಾಷೆಯಾಗಿ ಬರೆದವು. ನಗುವ ವಿಷಯ ಅದಾಗಿರಲಿಲ್ಲ.

ಇಲ್ಲಿ ಹಿರಿಯರು ಕೂಡಲೇ ಹೆಣ್ಣುಮಕ್ಕಳ ಮೇಲೆ ತಪ್ಪು ಹಾಕುತ್ತಾರೆ: ಓದು ಹೆಚ್ಚಾಯಿತು, ಸಿಟಿ ಹುಚ್ಚು ಹತ್ತಿತು. ನಾನು ಈ ಮಾತನ್ನು ಒಪ್ಪುವುದಿಲ್ಲ. ಅಮ್ಮನ ಬೆನ್ನು ಬಾಗಿದ್ದನ್ನು ನೋಡಿ ಬೆಳೆದ ಹುಡುಗಿ ಆಕೆ. ಬೆಳಿಗ್ಗೆ ದನದ ಕೊಟ್ಟಿಗೆ, ಮಧ್ಯಾಹ್ನ ಹೊಲ, ಸಂಜೆ ಒಲೆ; ನೆಲ್ಲು ಮಾರಿದ ದುಡ್ಡು ಎಷ್ಟು ಬಂತು ಎಂದು ಕೇಳುವ ಅಧಿಕಾರ ಮಾತ್ರ ಆ ತಾಯಿಗೆ ಇರಲಿಲ್ಲ. ಅಂಥ ಮನೆ ಬೇಡ ಎಂದರೆ ಆಕೆ ಹೊಲವನ್ನು ತಿರಸ್ಕರಿಸುತ್ತಿಲ್ಲ, ಹೊಲದ ಮನೆಯಲ್ಲಿ ಹೆಣ್ಣಿಗೆ ಕೊಟ್ಟ ಜಾಗವನ್ನು ತಿರಸ್ಕರಿಸುತ್ತಿದ್ದಾಳೆ. ಆಕೆಯೂ ತನ್ನ ಆದ್ಯತೆಯನ್ನು ತಾನೇ ಗೊತ್ತುಮಾಡಿಕೊಂಡಿದ್ದಾಳೆ, ಮತ್ತು ಅದು ಸರಿಯಾದ ಆದ್ಯತೆ. ಲಕ್ಕಮ್ಮನವರು ಗಂಡ ತಂದ ಅಕ್ಕಿಯನ್ನು ತಿರುಗಿ ಕಳಿಸಿದರು, ಮಾರಯ್ಯನವರು ಮರುಮಾತಿಲ್ಲದೆ ಹೋದರು ಎಂದು ನಾವು ಹೇಳುತ್ತಲೇ ಇರುತ್ತೇವೆ. ಬೇಸಾಯದ ಹುಡುಗನಿಗೆ ಹೆಣ್ಣು ಸಿಗಬೇಕಾದರೆ ಅವನ ಮನೆಯ ಸೊಸೆಗೆ ಆ ಮಾತಿನ ಹಕ್ಕು ಇರಬೇಕು. ಪಹಣಿಯಲ್ಲಿ ಹೆಸರು, ಬ್ಯಾಂಕಿನಲ್ಲಿ ಜಂಟಿ ಖಾತೆ, ಓದಿದವಳಾದರೆ ಸಿರುಗುಪ್ಪಕ್ಕೋ ಬಳ್ಳಾರಿಗೋ ಹೋಗಿ ಕೆಲಸ ಮಾಡುವ ಅವಕಾಶ. ಇಷ್ಟು ಮಾಡಿ ನೋಡಿದ ಮೇಲೆ ಕಾಲವನ್ನು ದೂರೋಣ.

ಬೇರೆ ಅಳತೆ ಹಿಡಿದು ಬದುಕಿದವರು ನಮ್ಮಲ್ಲಿ ಇಲ್ಲವೇ? ಕಾಶ್ಮೀರದ ಸಿಂಹಾಸನ ಬಿಟ್ಟು ಕಲ್ಯಾಣದಲ್ಲಿ ಸೌದೆ ಹೊತ್ತು ಮಾರಿದ ಮೋಳಿಗೆ ಮಾರಯ್ಯನವರ ಕಥೆ ಹೇಳಿದರೆ, ಅದು ಹನ್ನೆರಡನೆಯ ಶತಮಾನ ಎನ್ನುತ್ತೀರಿ. ಹಾಗಾದರೆ ಬಳ್ಳಾರಿ ಪಕ್ಕದ ಜೋಳದರಾಶಿಗೇ ಬನ್ನಿ. 1910ರಲ್ಲಿ ಆ ಊರಿನಲ್ಲಿ ಹುಟ್ಟಿದ ದೊಡ್ಡನಗೌಡರು ಗಮಕ ಹಿಡಿದರು, ಬಣ್ಣ ಹಚ್ಚಿದರು, ನಾಟಕ ಬರೆದರು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. 1953ರ ಅಕ್ಟೋಬರ್ 1ರ ತನಕ ಮೈಸೂರಿಗೆ ಸೇರಲಿಲ್ಲ. ಪಟ್ಟಣದ ರಂಗಭೂಮಿಯಲ್ಲಿ ತೆಲುಗಿನ ಭರಾಟೆ. ಅಂಥಲ್ಲಿ ಹಳ್ಳಿಯ ಗೌಡರೊಬ್ಬರು ಕುಮಾರವ್ಯಾಸನನ್ನು ಹಾಡುತ್ತ ಕನ್ನಡವನ್ನು ಜನರ ಕಿವಿಗೆ ಮುಟ್ಟಿಸಿದರು. ಅವರು ಯಾರ ಜೊತೆ ಅಭಿನಯಿಸಿದರೋ ಆ ಬಳ್ಳಾರಿ ರಾಘವರೂ ಅಂಥವರೇ: ಹೆಸರಾಂತ ವಕೀಲರು, ಕೋರ್ಟಿನಲ್ಲಿ ದುಡಿಯುವಷ್ಟು ದುಡಿಯಬಹುದಿತ್ತು, ಮನಸ್ಸು ಕೊಟ್ಟದ್ದು ರಂಗಕ್ಕೆ. ಗೌಡಕಿ ಮಾಡಿಕೊಂಡು ಹೊಲ ಹೆಚ್ಚಿಸುವುದು ಬಿಟ್ಟು ಇದೇನು ಹಾಡಿನ ಹುಚ್ಚು ಎಂದು ಆ ಕಾಲದಲ್ಲಿ ಅಂದುಕೊಂಡವರು ಇದ್ದೇ ಇದ್ದಾರು. 1994ರಲ್ಲಿ ದೊಡ್ಡನಗೌಡರು ತೀರಿಕೊಂಡರು. ಇಂದು ಬಳ್ಳಾರಿಯಲ್ಲಿ ಅವರ ಹೆಸರಿನ ರಂಗಮಂದಿರವಿದೆ. ನಮ್ಮ ಮಕ್ಕಳಿಗೆ ಹೇಗೆ ಬೇಗ ನೌಕರಿ ಹಿಡಿಯಬೇಕೆಂದು ಹೇಳುವ ಕಾರ್ಯಕ್ರಮಗಳನ್ನು ನಾವು ಅಂಥ ಸಭಾಂಗಣಗಳಲ್ಲೇ ಮಾಡುತ್ತೇವೆ, ಹೊರಗೆ ಯಾರ ಹೆಸರಿದೆ ಎಂದು ನೋಡದೆ.

ಇಷ್ಟು ಬರೆದ ಮೇಲೆ ಎರಡು ಆಕ್ಷೇಪಗಳಿಗೆ ಉತ್ತರ ಕೊಡಬೇಕು.

ಮೊದಲನೆಯದು ಸುಲಭ. 'ನನ್ನ ಆದ್ಯತೆ ನನ್ನದು' ಎಂದುಕೊಂಡು ಮೊಬೈಲು ತಿಕ್ಕುತ್ತಾ ಕಟ್ಟೆಯ ಮೇಲೆ ಕೂರುವವನಿಗೂ ಇದು ನೆಪವಾಗುವುದಿಲ್ಲವೇ? ಆಗುವುದಿಲ್ಲ. ಶರಣರ ದಾರಿಯಲ್ಲಿ ಯಾವ ಕಾಯಕ ಎಂಬುದು ನಿಮ್ಮ ಆಯ್ಕೆ. ಕಾಯಕವೇ ಬೇಡ ಎಂಬ ಆಯ್ಕೆ ಇಲ್ಲ. ಅದರ ಫಲದಲ್ಲಿ ಒಂದು ಪಾಲು ಹೊರಗೆ ಹೋಗಬೇಕು ಎಂಬುದರಲ್ಲೂ ವಿನಾಯಿತಿ ಇಲ್ಲ. ಮೈ ಬಗ್ಗಿಸದೆ, ಯಾರಿಗೂ ಒಂದು ತುತ್ತು ಕೊಡದೆ ಇರುವವನ 'ಸ್ವಂತ ಅಳತೆ'ಯನ್ನು ನಾವು ಮೆಚ್ಚಬೇಕಾಗಿಲ್ಲ.

ಎರಡನೆಯದು ಕಷ್ಟದ್ದು, ಮತ್ತು ಇದನ್ನು ನಮ್ಮ ವೇದಿಕೆಗಳಲ್ಲಿ ಯಾರೂ ಎತ್ತುವುದಿಲ್ಲ. ಹತ್ತು ಎಕರೆ ಇದ್ದವನಿಗೆ ಆದ್ಯತೆ ಆರಿಸಿಕೊಳ್ಳುವ ಪುರುಸೊತ್ತು ಉಂಟು. ಬಳ್ಳಾರಿಯ ಜೀನ್ಸ್ ಘಟಕಗಳಿಂದ ಪ್ಯಾಂಟು ತಂದು ಮನೆಯಲ್ಲಿ ಕೂತು ದಾರ ಕತ್ತರಿಸಿ, ಪೀಸಿಗೆ ಇಷ್ಟು ಎಂದು ದುಡಿಯುವ ಹೆಂಗಸಿಗೆ? ಸಿರುಗುಪ್ಪದ ಗದ್ದೆಗಳಲ್ಲಿ ಗುಂಪು ಕಟ್ಟಿಕೊಂಡು ನಾಟಿ ಮಾಡುವವರಿಗೆ? ಕಾಲುವೆಯ ಕೊನೆಯ ಭಾಗದಲ್ಲಿ ಲೀಜಿಗೆ ಹೊಲ ಮಾಡಿ, ನೀರು ಬಂದರೆ ಉಂಟು ಇಲ್ಲದಿದ್ದರೆ ಇಲ್ಲ ಎಂದು ಕಾಯುವವನಿಗೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಈ ಸೀಮೆಯವರು ಜೀವ ಕೈಯಲ್ಲಿ ಹಿಡಿದು ಕೂತರು. ಆ ರಾತ್ರಿ ಅವರ ಮುಂದೆ ಇದ್ದದ್ದು ಆದ್ಯತೆಗಳ ಪಟ್ಟಿಯಲ್ಲ, ಬೆಳೆ ಉಳಿದೀತೋ ಇಲ್ಲವೋ ಎಂಬ ಒಂದೇ ಪ್ರಶ್ನೆ.

ಇಂಥವರಿಗೆ ಲಕ್ಕಮ್ಮನವರ ಕಥೆ ಹೇಳಿ 'ಸಾಕು ಎನ್ನುವುದನ್ನು ಕಲಿಯಿರಿ' ಎಂದರೆ ಅದು ಉಪದೇಶವಲ್ಲ, ಅಪರಾಧ. ಲಕ್ಕಮ್ಮನವರ 'ಸಾಕು' ಅವರು ತಮಗೆ ತಾವೇ ಹೇಳಿಕೊಂಡದ್ದು. ಅಂಗಳದ ಒಡೆಯರು ಬಂದು ಅವರಿಗೆ ಅದನ್ನು ಹೇಳಲಿಲ್ಲ. ಮಿಲ್ಲಿನ ಮಾಲೀಕ ಹಮಾಲರಿಗೆ, ಗೌಡ ಆಳಿಗೆ, ಸಮಿತಿಯ ಅಧ್ಯಕ್ಷ ಅಡಿಗೆಯವರಿಗೆ ತೃಪ್ತಿಯ ಪಾಠ ಹೇಳತೊಡಗಿದರೆ ಆ ಕಥೆ ತಲೆಕೆಳಗಾಗುತ್ತದೆ. ಕೂಲಿ ಹೆಚ್ಚು ಕೇಳುವುದು ಅವರ ಆದ್ಯತೆಯಾದರೆ ಅದು ನ್ಯಾಯವಾದ ಆದ್ಯತೆ. ಅವರ ಮನೆಯ ಮೊದಲ ಹುಡುಗಿ ನರ್ಸಿಂಗ್ ಓದಿದರೆ, ಮೊದಲ ಹುಡುಗ ಇಂಜಿನಿಯರಾದರೆ, ಆ ಯಶಸ್ಸನ್ನು ಎದುರು ಮನೆಯ ಕಾರಿನ ಪಕ್ಕದಲ್ಲಿಟ್ಟು ಅಳೆಯಬೇಡಿ. ಅದು ಅವರದೇ ಸೇರಿನಲ್ಲಿ ಅಳೆದದ್ದು.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. 1916ರಲ್ಲಿ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು, 1945ರಲ್ಲಿ ವೀರಶೈವ ಕಾಲೇಜು ಬಂತು. (ಹೆಸರಿನ ಚರ್ಚೆ ಇರಲಿ, ಈ ಪತ್ರಿಕೆಯ ಓದುಗರಿಗೆ ಅದನ್ನು ಹೊಸದಾಗಿ ಹೇಳಬೇಕಾಗಿಲ್ಲ.) ಮದರಾಸಿನ ಆಳ್ವಿಕೆಯ ಒಂದು ಮೂಲೆಯಲ್ಲಿ, ಕನ್ನಡದ ಮಕ್ಕಳಿಗೆ ಓದು ದೂರವಿದ್ದ ಕಾಲದಲ್ಲಿ, ಶಾಲೆಯೇ ಮೊದಲು ಎಂದು ಗೊತ್ತುಮಾಡಿಕೊಂಡವರು ಅವರು. ಹತ್ತಿ, ಎಣ್ಣೆಕಾಳಿನ ವ್ಯಾಪಾರದ ಆ ಊರಿನಲ್ಲಿ ದುಡ್ಡನ್ನು ಇನ್ನೂ ಎರಡು ಗೋದಾಮಿಗೆ ಹಾಕಬಹುದಿತ್ತು. ಶಾಲೆಗೆ ಹಾಕಿದರು. ಅಂದಿನ ಅಗತ್ಯಕ್ಕೆ ಅದು ಸರಿಯಾದ ಅಳತೆ. ಆ ಅಳತೆಯಿಂದ ಬಂದ ಕಾಲೇಜುಗಳು ಇಂದು ಯಾವ ಮಕ್ಕಳನ್ನು ಗೆದ್ದವರೆಂದು ಕಳಿಸುತ್ತಿವೆ, ಯಾರನ್ನು ಸೋತವರೆಂದು ಕಳಿಸುತ್ತಿವೆ ಎಂಬುದನ್ನು ನೂರು ವರ್ಷ ಕಳೆದ ಮೇಲೆ ಮತ್ತೆ ಕೇಳಿಕೊಳ್ಳಬೇಕಾದವರು ನಾವು.

ಮನೆಯಲ್ಲಿ ಇದನ್ನು ಎಲ್ಲಿಂದ ಶುರು ಮಾಡುವುದು ಎಂದರೆ, ಏನು ಬೇಕು ಎಂಬ ಪಟ್ಟಿಗಿಂತ ಮುಂಚೆ ಏನನ್ನು ಬಿಟ್ಟುಕೊಡುವುದಿಲ್ಲ ಎಂಬ ಪಟ್ಟಿ ಮಾಡಿ ನೋಡಿ. ಅಪ್ಪ ಅಮ್ಮ ಇರುವ ತನಕ ಊರು ಬಿಡುವುದಿಲ್ಲ ಎನ್ನುವ ಹುಡುಗ ಇರುತ್ತಾನೆ. ಮದುವೆಗೆ ಮುಂಚೆ ಎಂ.ಎ. ಮುಗಿಸುತ್ತೇನೆ ಎನ್ನುವ ಹುಡುಗಿ ಇರುತ್ತಾಳೆ. ಸುಳ್ಳು ಬಿಲ್ಲು ಬರೆಯುವ ಕೆಲಸ ಎಷ್ಟು ಸಂಬಳ ಬಂದರೂ ಬೇಡ ಎನ್ನುವವರು ಇರುತ್ತಾರೆ. ಅಮೆರಿಕಕ್ಕೆ ಹೋಗಿಯೇ ತೀರುತ್ತೇನೆ ಎನ್ನುವವನೂ ಇರುತ್ತಾನೆ. ಹೋಗಲಿ, ಅದು ಅವನ ಒಳಗಿನಿಂದ ಬಂದಿದ್ದರೆ. ಅಪ್ಪನ ಮರ್ಯಾದೆಗಾಗಿ ಹೋಗುವುದಾದರೆ ಟಿಕೆಟ್ಟು ತೆಗೆಸುವ ಮುಂಚೆ ಇನ್ನೊಮ್ಮೆ ಕೂತು ಮಾತಾಡಿ. ಇಷ್ಟಲಿಂಗ ಪೂಜೆ ಮುಗಿಸಿದ ಮೇಲಿನ ಹತ್ತು ನಿಮಿಷ ಇದಕ್ಕೆ ಒಳ್ಳೆಯ ಹೊತ್ತು.

ಮಠಗಳ ಮಟ್ಟಿಗೆ ನನ್ನದೊಂದು ಬೇಡಿಕೆ ಇದೆ. ಶ್ರಾವಣದ ಪ್ರವಚನಕ್ಕೆ ಸಮಿತಿಗಳು ಸೇರುತ್ತವೆ. ದಿನಕ್ಕೊಬ್ಬರಂತೆ ಸನ್ಮಾನದ ಪಟ್ಟಿ ತಯಾರಾಗುತ್ತದೆ. ಆ ಪಟ್ಟಿಯಲ್ಲಿ ದಾನಿಗಳ ಹೆಸರು ಇರಲಿ, ರ್‍ಯಾಂಕು ಬಂದ ಮಕ್ಕಳ ಹೆಸರೂ ಇರಲಿ. ವಾರಕ್ಕೆ ಒಂದು ದಿನವಾದರೂ ತಂಗಿಯನ್ನು ಓದಿಸಿದ ಅಣ್ಣನನ್ನು, ರಾತ್ರಿ ಲಾಟೀನು ಹಿಡಿದು ಕೊನೆಯ ಹೊಲಕ್ಕೂ ನೀರು ತಲುಪಿಸುವ ನೀರಗಂಟಿಯನ್ನು, ಗಂಡ ಹೋದ ಮೇಲೆ ಮೂರು ಎಕರೆ ಮಾರದೆ ಉಳಿಸಿಕೊಂಡ ತಾಯಿಯನ್ನು ಕರೆಯಿರಿ. ಅವರ ಕೈಗೆ ಮೈಕು ಕೊಡಿ. ಭಾಷಣ ಬೇಡ, ತಮ್ಮ ಕಾಯಕ ಹೇಗೆ ನಡೆಯುತ್ತದೆ ಎಂದು ಹತ್ತು ನಿಮಿಷ ಹೇಳಲಿ. ನಂತರ ಪೂಜ್ಯರು ಮಾತಾಡಲಿ. ಯಾರನ್ನು ಕರೆಯುವುದು ಎಂದು ಸಮಿತಿಯವರಿಗೆ ಗೊತ್ತಾಗದಿದ್ದರೆ ದಾಸೋಹದ ಮನೆಯಲ್ಲಿ ರೊಟ್ಟಿ ತಟ್ಟುವ ತಾಯಂದಿರನ್ನು ಕೇಳಲಿ. ಊರಿನಲ್ಲಿ ಯಾರು ಏನು ಹೊತ್ತು ನಡೆಯುತ್ತಿದ್ದಾರೆಂದು ಅವರಿಗೆ ಗೊತ್ತಿರುತ್ತದೆ.